ಸರ್ಕಾರಿ ಪಾಠಶಾಲೆಗೆ ಊರಿನ ಧರ್ಮನಿಧಿ

ದೇಶದ ಏಳಿಗೆಯು ಪ್ರಾಥಮಿಕ ಪಾಠಶಾಲೆಯ ಹೊಸ್ತಿಲಿನಿಂದಲೇ ಆರಂಭವಾಗಬೇಕೆಂಬುದನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ. ಸಭೆಗಳಲ್ಲಿ ಈ ಮಾತಿಗೆ ಕರತಾಡನವೂ ಆಗುತ್ತದೆ. ಆದರೆ ಸಭೆಯಿಂದ ಹಿಂದಿರುಗಿದ ಮಹನೀಯರು, ತಾವು ತಮ್ಮ ಊರಿನ ಸರ್ಕಾರಿ ಪಾಠಶಾಲೆಯ ಬಾಗಿಲನ್ನು ದಾಟಿ ಎಷ್ಟು ವರ್ಷಗಳಾದುವೆಂದು ತಮ್ಮನ್ನು ತಾವೇ ಕೇಳಿಕೊಂಡರೆ, ದೊರಕುವ ಉತ್ತರವು ಅಷ್ಟು ಸಂತೋಷಕರವಾಗಿರಲಾರದು. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಈ ಮೂರು ಊರುಗಳ ವಿದ್ಯಾವಂತರ ಮುಂದೆ ನಾವು ಇಂದು ಒಂದು ಸಲಹೆಯನ್ನು ಇಡಬಯಸುತ್ತೇವೆ. ಪ್ರತಿಯೊಂದು ತಾಲ್ಲೂಕಿಗೂ ಜನರೇ ಕೂಡಿಸಿದ ಒಂದು ವಿದ್ಯಾ ಧರ್ಮನಿಧಿ ಇರಬೇಕು. ಅದು ತನ್ನದೆಂದು ಒಂದು ಶಾಲೆಯನ್ನೂ ಕಟ್ಟಬಾರದು. ಸರ್ಕಾರಿ ಪಾಠಶಾಲೆಯ ತರಗತಿಯೊಳಗಣ ಪಾಠವನ್ನು ಜೀವಂತಗೊಳಿಸುವ ಸಣ್ಣ ಸಣ್ಣ ಸಹಾಯದ್ರವ್ಯವನ್ನು ಉಪಾಧ್ಯಾಯರ ಕೈಗೆ ಒಪ್ಪಿಸುವುದೇ ಅದರ ಏಕಮಾತ್ರ ಕಾರ್ಯವಾಗಬೇಕು.

ಈ ಸೀಮೆಯು ದೊಡ್ಡ ಕಾರ್ಯಗಳಿಗೆ ಹೊಸತಲ್ಲ. ೧೯೦೨ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. ಕನ್ನಂಬಾಡಿಯ ನೀರು ನಾಲೆಯಾಗಿ ಬಂದು ಮಂಡ್ಯದ ಬಯಲನ್ನು ಹಸುರಾಗಿಸಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ೧೯೩೮ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ರಾಷ್ಟ್ರಧ್ವಜವನ್ನು ಏರಿಸಿ, ಮೈಸೂರು ಸಂಸ್ಥಾನದ ಜನರು ಸೆರೆಮನೆಗೂ ಅಂಜುವವರಲ್ಲವೆಂಬುದನ್ನು ಇಲ್ಲಿಯ ರೈತರು ತೋರಿಸಿಕೊಟ್ಟರು. ಮರು ವರ್ಷವೇ, ೧೯೩೯ರಲ್ಲಿ, ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ವಿದ್ಯಾದಾನದಲ್ಲಿಯೂ ಈ ಜಿಲ್ಲೆಯವರು ಹಿಂದೆ ಬಿದ್ದವರಲ್ಲ. ಶ್ರೀ ಕೆ. ವಿ. ಶಂಕರಗೌಡರ ಮುಂದಾಳುತನದಲ್ಲಿ ೧೯೬೨ರಲ್ಲಿ ಜನತಾ ಶಿಕ್ಷಣ ಟ್ರಸ್ಟು ಹುಟ್ಟಿ, ಅದೇ ವರ್ಷ ಮಂಡ್ಯಕ್ಕೆ ಇಂಜಿನಿಯರಿಂಗ್ ಕಾಲೇಜು ಬಂದಿತು. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಶ್ರೀ ಜಿ. ಮಾದೇಗೌಡರು ಭಾರತೀ ವಿದ್ಯಾಸಂಸ್ಥೆಯನ್ನು ಬೆಳೆಸಿದರು. ಹಳ್ಳಿಯ ಮಕ್ಕಳು ಉನ್ನತ ವಿದ್ಯೆಗಾಗಿ ದೂರದ ಪಟ್ಟಣಗಳಿಗೆ ಅಲೆಯುವುದು ಇದರಿಂದ ಎಷ್ಟು ಮಟ್ಟಿಗೆ ತಪ್ಪಿತೆಂಬುದನ್ನು ಬಲ್ಲವರೇ ಬಲ್ಲರು.

ಆದರೆ ಇವೆಲ್ಲವೂ ಮೇಲಿನ ಅಂತಸ್ತಿನ ಕಟ್ಟಡಗಳು. ಅವನ್ನು ಹೊರಬೇಕಾದ ತಳಹದಿಯು ಸರ್ಕಾರಿ ಪ್ರಾಥಮಿಕ ಪಾಠಶಾಲೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಅಕ್ಷರಸ್ಥರ ಪ್ರಮಾಣವು ನೂರಕ್ಕೆ ೭೫ನ್ನು ಮೀರಿದ್ದಾಗ, ನೀರು ನೆಲಗಳ ಸಂಪತ್ತುಳ್ಳ ಮಂಡ್ಯ ಜಿಲ್ಲೆಯು ೭೦ರ ಆಸುಪಾಸಿನಲ್ಲಿಯೇ ನಿಂತಿತು. ಸ್ತ್ರೀಯರಲ್ಲಿ ಆ ಪ್ರಮಾಣವು ಇನ್ನೂ ಕಡಿಮೆಯಾಗಿತ್ತು. ದಾನಿಗಳ ದೃಷ್ಟಿಯು ಸಹಜವಾಗಿಯೇ ತಮ್ಮ ಹೆಸರಿನ ಕಾಲೇಜಿನ ಕಡೆಗೆ, ತಮ್ಮ ಸಂಸ್ಥೆಯ ಕಡೆಗೆ ಹರಿಯಿತು. ಯಾರ ಹೆಸರನ್ನೂ ಹೊರದ, ಯಾರ ಸ್ವತ್ತೂ ಅಲ್ಲದ, ಆದುದರಿಂದಲೇ ಎಲ್ಲರ ಸ್ವತ್ತಾಗಬೇಕಾದ ಸರ್ಕಾರಿ ಪಾಠಶಾಲೆಯು ಸರ್ಕಾರದ ಪಾಲಿಗೆ ಉಳಿಯಿತು.

ಸರ್ಕಾರವು ಏನನ್ನೂ ಕೊಡುತ್ತಿಲ್ಲವೆಂದು ನಾವು ಹೇಳುವುದಿಲ್ಲ. ಉಪಾಧ್ಯಾಯರ ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಇವೆಲ್ಲ ಸರ್ಕಾರದಿಂದಲೇ ಬರುತ್ತವೆ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯೊಂದಕ್ಕೆ ವಾರ್ಷಿಕ ಗ್ರಾಂಟೂ ಉಂಟು. ಅದರ ಕ್ರಮವನ್ನು ವಾಚಕರು ಸ್ವಲ್ಪ ಗಮನವಿಟ್ಟು ನೋಡಬೇಕು. ೩೦ ಮಕ್ಕಳವರೆಗಿನ ಶಾಲೆಗೆ ೧೦,೦೦೦ ರೂಪಾಯಿ; ೧೦೦ರವರೆಗೆ ೨೫,೦೦೦; ೨೫೦ರವರೆಗೆ ೫೦,೦೦೦; ೧,೦೦೦ದವರೆಗೆ ೭೫,೦೦೦; ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಈ ಹಣದಲ್ಲಿ ನೂರಕ್ಕೆ ಹತ್ತನ್ನಾದರೂ ಶುಚಿತ್ವಕ್ಕೆ ಮೀಸಲಿಡಬೇಕು. ಉಳಿದುದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ರಿಪೇರಿಗಳು ಮುಗಿಯಬೇಕು. ಇಪ್ಪತ್ತೈದು ಮಕ್ಕಳಿರುವ ಹಳ್ಳಿಯ ಶಾಲೆಗೆ ಬರುವ ೧೦,೦೦೦ ರೂಪಾಯಿಯು ತಿಂಗಳಿಗೆ ಒಂಬೈನೂರನ್ನೂ ಮುಟ್ಟುವುದಿಲ್ಲ. ಭೂತಗನ್ನಡಿಗೂ ಭೂಪಟಕ್ಕೂ ಕಥೆಯ ಪುಸ್ತಕಕ್ಕೂ ಇದರಲ್ಲಿ ಮಿಗುವುದೇನು?

ಇದರಲ್ಲಿ ಅಡಗಿರುವ ಇನ್ನೊಂದು ಅಪಾಯವನ್ನೂ ನಾವು ಕಾಣಬೇಕು. ಗ್ರಾಂಟು ಮಕ್ಕಳ ತಲೆಯೆಣಿಕೆಯನ್ನು ಅನುಸರಿಸುತ್ತದೆ. ಶಾಲೆಯಲ್ಲಿ ಆಕರ್ಷಣೆಯಿಲ್ಲದಿದ್ದರೆ ತಂದೆತಾಯಿಗಳು ಸಾಲ ಮಾಡಿಯಾದರೂ ಮಕ್ಕಳನ್ನು ಹಳದಿ ಬಣ್ಣದ ಬಸ್ಸು ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಗ್ರಾಂಟೂ ಕಡಿಮೆಯಾಗುತ್ತದೆ. ಗ್ರಾಂಟು ಕಡಿಮೆಯಾದರೆ ಆಕರ್ಷಣೆಯು ಮತ್ತಷ್ಟು ಕುಗ್ಗುತ್ತದೆ. ಕೊನೆಗೆ, ಮಕ್ಕಳಿಲ್ಲವೆಂಬ ಕಾರಣದಿಂದ ಶಾಲೆಯನ್ನೇ ಮುಚ್ಚುವ ಮಾತು ಬರುತ್ತದೆ. ಊರಿನ ಪಾಠಶಾಲೆಯು ಮುಚ್ಚಿದರೆ ಹಣವಂತರ ಮಕ್ಕಳಿಗೆ ಏನೂ ನಷ್ಟವಿಲ್ಲ. ಕೂಲಿಕಾರನ ಮಗಳು ಮನೆಯಲ್ಲಿ ಉಳಿಯುತ್ತಾಳೆ. ನಾವು ಈ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ಹಾಗಾದರೆ ಸರ್ಕಾರವೇ ಸಾಮಗ್ರಿಗಳನ್ನು ಮೂಟೆಗಟ್ಟಿ ಎಲ್ಲ ಶಾಲೆಗಳಿಗೂ ಕಳುಹಿಸಿಬಿಟ್ಟರೆ ಸಾಲದೆ ಎಂದು ಕೇಳುವವರುಂಟು. ಆ ಪ್ರಯೋಗವೂ ಆಗಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ೧೯೮೭ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯೋಜನೆಯು ಬಂದು, ದೇಶದ ಪ್ರಾಥಮಿಕ ಶಾಲೆಗಳಿಗೆ ಪಾಠೋಪಕರಣಗಳನ್ನು ಹಂಚಿತು. ಉದ್ದೇಶವು ಶ್ಲಾಘ್ಯವಾದುದೇ. ಆದರೆ ಅನೇಕ ಶಾಲೆಗಳಲ್ಲಿ ಆ ಪೆಟ್ಟಿಗೆಗಳು ಬೀರುವಿನೊಳಗೆ ಬೀಗ ಹಾಕಿಕೊಂಡು ಕುಳಿತುವು. ವಸ್ತುವೊಂದು ಮುರಿದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಉಪಾಧ್ಯಾಯರು. ಅದನ್ನು ಬೇಕೆಂದು ಕೇಳಿದವರು ಅವರಲ್ಲ. ಅದನ್ನು ಉಪಯೋಗಿಸುವ ಬಗೆಯನ್ನು ಅವರಿಗೆ ಸಾಕಷ್ಟು ತಿಳಿಸಿದವರೂ ಇಲ್ಲ. ಕೇಳದೆ ಬಂದ ವಸ್ತುವನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಕೇಳಿ ಪಡೆದುದನ್ನು ಮಾತ್ರ ಉಪಯೋಗಿಸುತ್ತಾರೆ.

ಇದಕ್ಕೆ ವಿರುದ್ಧವಾದ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯೂನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ ಪದ್ಧತಿಯು ಆರಂಭವಾಯಿತು. ಸರ್ಕಾರಿ ಶಾಲೆಯ ಉಪಾಧ್ಯಾಯರೇ ಆಂಧ್ರದ ಋಷಿವ್ಯಾಲಿಯ ಪಾಠಕ್ರಮವನ್ನು ಕಂಡುಬಂದು, ತಮ್ಮ ಮಕ್ಕಳಿಗೆ ಒಪ್ಪುವ ಕಲಿಕೆಯ ಕಾರ್ಡುಗಳನ್ನು ತಾವೇ ರಚಿಸಿದರು. ಹಾಡು, ಆಟ, ಚಿತ್ರಗಳಿಂದ ತುಂಬಿದ ಆ ತರಗತಿಯು ಕಾಲಕ್ರಮದಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹೊರಗಿನ ಹಣವು ಅಲ್ಪವಾದರೂ, ಉಪಾಧ್ಯಾಯರ ಬುದ್ಧಿಗೆ ಅದು ಒತ್ತಾಸೆಯಾಗಿ ನಿಂತಾಗ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ೨೦೦೦ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಷರ ಫೌಂಡೇಷನ್ನಿನವರು ‘ಗಣಿತ ಕಲಿಕಾ ಆಂದೋಲನ’ವೆಂಬ ಹೆಸರಿನಲ್ಲಿ ೪ ಮತ್ತು ೫ನೆಯ ತರಗತಿಗಳಿಗೆ ಮಣಿ, ಅಳತೆಪಟ್ಟಿ, ಭಿನ್ನರಾಶಿಯ ತುಂಡುಗಳು ಮುಂತಾದುವುಗಳ ಪೆಟ್ಟಿಗೆಯನ್ನು ಕೊಟ್ಟರು. ಪೆಟ್ಟಿಗೆಯ ಜೊತೆಗೆ ಉಪಾಧ್ಯಾಯರಿಗೆ ತರಬೇತನ್ನೂ ಕೊಟ್ಟು, ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗಣಿತ ಸ್ಪರ್ಧೆಗಳನ್ನು ಏರ್ಪಡಿಸಿ, ಊರಿನವರನ್ನು ಅದರಲ್ಲಿ ಸೇರಿಸಿಕೊಂಡುದು ಆ ಕಾರ್ಯದ ವಿಶೇಷ.

ದೊಡ್ಡ ಪ್ರತಿಷ್ಠಾನಗಳ ಔದಾರ್ಯವನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನವರು ಸುಮಾರು ೧,೫೦೦ ಕೋಟಿ ರೂಪಾಯಿಯನ್ನು ಮೂರು ವರ್ಷಗಳ ಅವಧಿಗೆ ಒದಗಿಸಲು ಒಪ್ಪಿದ್ದರಿಂದ, ವಾರಕ್ಕೆ ಎರಡು ದಿನ ಸಿಕ್ಕುತ್ತಿದ್ದ ಮೊಟ್ಟೆಯು ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಆರು ದಿನವೂ ಸಿಕ್ಕುವಂತಾಯಿತು. ಆದರೆ ಕನ್ನಂಬಾಡಿಯ ಕಟ್ಟೆಯು ಎಷ್ಟೇ ತುಂಬಿದ್ದರೂ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೊನೆಯ ಭಾಗದ ರೈತನ ಗದ್ದೆಗೆ ನೀರು ತಲಪಬೇಕಾದರೆ ಉಪನಾಲೆ ಬೇಕು, ತೂಬು ಬೇಕು, ಹೊತ್ತುಹೊತ್ತಿಗೆ ನೋಡಿಕೊಳ್ಳುವ ನೀರುಗಂಟಿ ಬೇಕು. ಇದನ್ನು ಈ ಸೀಮೆಯವರಿಗೆ ನಾವು ವಿವರಿಸಬೇಕಾದುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಸಮನಾಗಿ ಬರುವ ಸಹಾಯವು ದೊಡ್ಡ ನಾಲೆ. ನಮ್ಮ ತಾಲ್ಲೂಕಿನ ಧರ್ಮನಿಧಿಯು ಕೊನೆಯ ಗದ್ದೆಗೆ ನೀರು ತಿರುಗಿಸುವ ಕಾಲುವೆ.

ಇಂಥ ಸ್ಥಳೀಯ ನಿಧಿಗಳ ಅನುಭವವು ಹೊರದೇಶಗಳಲ್ಲಿ ಬೇಕಾದಷ್ಟಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೧೯೭೮ರಲ್ಲಿ ಜನಮತದಿಂದ ಆಸ್ತಿ ತೆರಿಗೆಗೆ ಮಿತಿ ಬಿದ್ದು, ಸಾರ್ವಜನಿಕ ಶಾಲೆಗಳ ವರಮಾನವು ಕುಗ್ಗಿತು. ೧೯೭೯ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಜನರು ವಿದ್ಯಾನಿಧಿಯೊಂದನ್ನು ಸ್ಥಾಪಿಸಿ, ಉಪಾಧ್ಯಾಯರು ತಮ್ಮ ತರಗತಿಗೆಂದು ಬರೆದು ಕೇಳಿದ ಹೊಸ ಯೋಜನೆಗಳಿಗೆ ಸಣ್ಣ ಗ್ರಾಂಟುಗಳನ್ನು ಕೊಡತೊಡಗಿದರು. ಅನಂತರ ಆ ದೇಶದ ಊರೂರುಗಳಲ್ಲಿ ಇಂಥ ನಿಧಿಗಳು ಹುಟ್ಟಿಕೊಂಡುವು. ಅವುಗಳಿಂದ ಕಲಿಯಬೇಕಾದ ಎಚ್ಚರಿಕೆಯೂ ಒಂದಿದೆ. ಶ್ರೀಮಂತರ ಬಡಾವಣೆಯ ಶಾಲೆಗೆ ಹೆಚ್ಚು ಹಣವೂ, ಬಡವರ ಬಡಾವಣೆಯ ಶಾಲೆಗೆ ಕಡಿಮೆ ಹಣವೂ ಕೂಡುವುದು ಸ್ವಾಭಾವಿಕ. ಆದುದರಿಂದ ಪೋರ್ಟ್‌ಲೆಂಡ್ ನಗರದಲ್ಲಿ ಬಹುಕಾಲ ಒಂದು ಕಟ್ಟುಪಾಡು ಇದ್ದಿತು: ಒಂದು ಶಾಲೆಯ ನಿಧಿಯು ಮೊದಲ ೧೦,೦೦೦ ಡಾಲರುಗಳ ಮೇಲೆ ಕೂಡಿಸಿದ ಹಣದಲ್ಲಿ ಮೂರನೆಯ ಒಂದು ಭಾಗವನ್ನು ಇತರ ಶಾಲೆಗಳಿಗೆಂದು ಸಾಮಾನ್ಯ ನಿಧಿಗೆ ಒಪ್ಪಿಸಬೇಕು. ನಾವು ಶಾಲೆಗೊಂದರಂತೆ ನಿಧಿಯನ್ನು ಬೇಡದೆ ತಾಲ್ಲೂಕಿಗೊಂದು ನಿಧಿಯನ್ನು ಸೂಚಿಸುವುದು ಈ ಅನುಭವದ ಬೆಳಕಿನಲ್ಲಿಯೇ.

ನಿಧಿಯ ಹಣವು ತರಗತಿಯಲ್ಲಿ ಏನಾಗಬಲ್ಲದೆಂಬುದನ್ನು ನಮ್ಮ ಮೂರು ತಾಲ್ಲೂಕುಗಳಿಂದಲೇ ಹೇಳಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಅದನ್ನು ನೋಡಲು ದೂರದೇಶದವರು ಬರುತ್ತಾರೆ. ಎರಡು ದುರ್ಬೀನು, ಒಂದು ಪಕ್ಷಿಗಳ ಚಿತ್ರಪುಸ್ತಕ, ಗೂಡುಗಳ ಲೆಕ್ಕ ಬರೆಯುವ ಕೆಲವು ಪುಸ್ತಕಗಳು ಇಷ್ಟಿದ್ದರೆ ಸುತ್ತಲಿನ ಶಾಲೆಗಳ ಮಕ್ಕಳು ಜೀವಶಾಸ್ತ್ರವನ್ನೂ ಗಣಿತವನ್ನೂ ಒಂದೇ ಮರದ ಕೆಳಗೆ ಕಲಿಯಬಲ್ಲರು. ಮಂಡ್ಯದ ಬಳಿಯ ವಿ. ಸಿ. ಫಾರಂನಲ್ಲಿ ಶ್ರೀ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಪ್ರತಿದಿನ ಮುದ್ದೆಯುಣ್ಣುವ ಮಗುವಿಗೆ ಈ ಸಂಗತಿಯು ತಿಳಿದಿದೆಯೇ? ಒಂದು ದಿನದ ಬಸ್ಸಿನ ಬಾಡಿಗೆ, ಶಾಲೆಯ ಹಿತ್ತಿಲಿನಲ್ಲಿ ನಾಲ್ಕು ಮಡಿ ಬಿತ್ತನೆ, ಒಂದು ತಕ್ಕಡಿ, ಒಂದು ಮಳೆಮಾಪಕ ಇವಕ್ಕೆ ತಗಲುವ ವೆಚ್ಚವು ಪಟ್ಟಣದ ಒಂದು ಸಾಧಾರಣ ಸನ್ಮಾನ ಸಮಾರಂಭದ ಹಾರ ಶಾಲುಗಳ ವೆಚ್ಚವನ್ನು ಮೀರಲಾರದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಕ್ಷೇತ್ರ. ಆ ಕಾವ್ಯವನ್ನು ಹಾಡುವ ನೀಲಗಾರರನ್ನು ಶಾಲೆಗೆ ಬರಮಾಡಿ, ಅವರಿಗೆ ಯೋಗ್ಯ ಸಂಭಾವನೆಯನ್ನು ಕೊಟ್ಟು, ಅವರ ಹಾಡಿನ ಮಾತುಗಳನ್ನು ಮಕ್ಕಳಿಂದ ಬರೆಯಿಸಿದರೆ, ಕನ್ನಡದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕವಾವುದು? ಇಂಥ ಯಾವುದನ್ನೂ ರಾಜಧಾನಿಯ ಕಚೇರಿಯು ಯೋಚಿಸಿ ಕಳುಹಿಸಲಾರದು. ಇದು ಆಯಾ ಊರಿನ ಉಪಾಧ್ಯಾಯರಿಗೆ ಮಾತ್ರ ಹೊಳೆಯುವ ವಿಷಯ. ಹೊಳೆದರೂ ಅವರು ತಮ್ಮ ಸಂಬಳದಿಂದಲೇ ಅದನ್ನು ನಡೆಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನು ಹಣವೆಲ್ಲಿಂದ ಎಂಬ ಪ್ರಶ್ನೆ. ೨೦೧೩ರ ಕಂಪೆನಿ ಶಾಸನದ ಪ್ರಕಾರ ಲಾಭದಾಯಕವಾದ ದೊಡ್ಡ ಕಂಪೆನಿಗಳು ತಮ್ಮ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡು ಪಾಲನ್ನು ಲೋಕಹಿತಕ್ಕೆ ವೆಚ್ಚಮಾಡಬೇಕು. ಆದರೆ ಅದೇ ಶಾಸನವು, ಕಂಪೆನಿಯು ಕೆಲಸ ನಡೆಸುವ ಸ್ಥಳಕ್ಕೆ ಆದ್ಯತೆಯಿರಲೆಂದೂ ಹೇಳುತ್ತದೆ. ಬೆಂಗಳೂರಿನ ಸುತ್ತಮುತ್ತಣ ಕೈಗಾರಿಕೆಗಳ ಔದಾರ್ಯವು ಬೆಂಗಳೂರಿನ ಸುತ್ತಲೇ ಸುಳಿಯುವುದು ಇದರಿಂದ ಸಹಜ. ಕಬ್ಬು ಬತ್ತಗಳ ನಮ್ಮ ತಾಲ್ಲೂಕುಗಳು ಅದನ್ನೇ ನೆಚ್ಚಿ ಕುಳಿತಿರಲಾಗದು. ಮಹಾರಾಷ್ಟ್ರದ ಪ್ರವರಾನಗರದಲ್ಲಿ ಶ್ರೀ ವಿಠ್ಠಲರಾವ್ ವಿಖೆ ಪಾಟೀಲರ ನೇತೃತ್ವದಲ್ಲಿ ಕಬ್ಬಿನ ರೈತರು ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ಅದೇ ಸಹಕಾರದ ಬಲದ ಮೇಲೆ ೧೯೬೪ರಲ್ಲಿ ಪ್ರವರಾ ಗ್ರಾಮೀಣ ಶಿಕ್ಷಣ ಸಂಸ್ಥೆಯನ್ನೂ ಕಟ್ಟಿಕೊಂಡರು. ಸಕ್ಕರೆಯ ಸೀಮೆಯು ಸರಸ್ವತಿಯನ್ನು ಸಾಕಬಲ್ಲದೆಂಬುದು ಅಲ್ಲಿ ಸಿದ್ಧವಾಗಿದೆ. ನಮ್ಮ ಜಿಲ್ಲೆಯಲ್ಲಿಯೂ ಕಾರ್ಖಾನೆಗಳುಂಟು, ಅಕ್ಕಿಯ ಗಿರಣಿಗಳುಂಟು, ಸಹಕಾರ ಸಂಘಗಳುಂಟು, ವರ್ತಕರುಂಟು. ಸರ್ಕಾರಿ ಶಾಲೆಯಲ್ಲಿ ಓದಿ, ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳುಂಟು. ಒಂದು ತಾಲ್ಲೂಕಿನಲ್ಲಿ ಸಾವಿರ ಮಂದಿ ಒಬ್ಬೊಬ್ಬರು ೧೦,೦೦೦ ರೂಪಾಯಿ ಕೊಟ್ಟರೆ ಒಂದು ಕೋಟಿಯಾಗುತ್ತದೆ. ಅಸಲನ್ನು ಮುಟ್ಟದೆ, ನೂರಕ್ಕೆ ಆರರ ಬಡ್ಡಿಯನ್ನು ಹಿಡಿದರೂ ವರ್ಷಕ್ಕೆ ಆರು ಲಕ್ಷ. ಎಂದರೆ ೧೦,೦೦೦ ರೂಪಾಯಿಗಳ ೬೦ ಗ್ರಾಂಟುಗಳು. ಮೂವತ್ತು ಮಕ್ಕಳ ಶಾಲೆಗೆ ಸರ್ಕಾರವು ಕೊಡುವ ವಾರ್ಷಿಕ ಗ್ರಾಂಟಿನಷ್ಟೇ ಮೊತ್ತವು, ಪಾಠಕ್ಕೆಂದೇ ಮೀಸಲಾಗಿ, ಪ್ರತಿವರ್ಷ ಅರವತ್ತು ತರಗತಿಗಳಿಗೆ ದೊರೆತಂತಾಗುತ್ತದೆ.

ಈ ಭಾರವನ್ನು ಬಡ ತಂದೆತಾಯಿಗಳ ಮೇಲೆ ಮಾತ್ರ ಹೊರಿಸಕೂಡದು. ೨೦೨೨ರ ಅಕ್ಟೋಬರಿನಲ್ಲಿ, ಪೋಷಕರಿಂದ ತಿಂಗಳಿಗೆ ೧೦೦ ರೂಪಾಯಿ ದೇಣಿಗೆಯನ್ನು ಪಡೆಯಬಹುದೆಂದು ವಿದ್ಯಾ ಇಲಾಖೆಯು ಹೊರಡಿಸಿದ ಸುತ್ತೋಲೆಯು ಜನರ ವಿರೋಧಕ್ಕೆ ಗುರಿಯಾಗಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಅದು ಹಿಂದಕ್ಕೆ ಹೋದುದೇ ಸರಿ. ‘ಸ್ವಇಚ್ಛೆ’ಯೆಂದು ಕಾಗದದಲ್ಲಿ ಬರೆದರೂ, ಮಗುವನ್ನು ಶಾಲೆಯಲ್ಲಿ ಬಿಟ್ಟಿರುವ ತಾಯಿಯ ಪಾಲಿಗೆ ಅದು ಇಚ್ಛೆಯಾಗಿ ಉಳಿಯುವುದಿಲ್ಲ. ಇರುವವರು ಕೊಡಬೇಕು, ಕೊಟ್ಟವರ ಮಗುವಿಗೂ ಕೊಡದವರ ಮಗುವಿಗೂ ತರಗತಿಯಲ್ಲಿ ಭೇದವಿರಬಾರದು. ಇರುವವರೇ ಕೊಡಬೇಕೆಂದಾಗ ಮಂಗಳೂರಿನ ಬಳಿಯ ಹರೇಕಳ ಹಾಜಬ್ಬನವರ ನೆನಪಾಗುತ್ತದೆ. ಕಿತ್ತಳೆ ಹಣ್ಣು ಮಾರಿ ಬಂದ ದುಡ್ಡಿನಿಂದ ತಮ್ಮ ಊರಿಗೆ ಶಾಲೆಯನ್ನು ತಂದುಕೊಟ್ಟ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಘೋಷಿತವಾಯಿತು. ಏನೂ ಇಲ್ಲದವರು ಅಷ್ಟು ಮಾಡಿದಾಗ, ಎಲ್ಲವೂ ಇರುವವರು ಏನು ಮಾಡಬೇಕೆಂಬುದನ್ನು ಬೇರೆ ಹೇಳಬೇಕೆ?

ನಮ್ಮ ಸಲಹೆಗೆ ಬರಬಹುದಾದ ಮುಖ್ಯ ಆಕ್ಷೇಪಣೆಯನ್ನು ನಾವು ಬಲ್ಲೆವು. ವಿದ್ಯೆಯನ್ನು ಕೊಡುವುದು ಸರ್ಕಾರದ ಧರ್ಮವಲ್ಲವೆ, ಜನರು ಕೊಡತೊಡಗಿದರೆ ಸರ್ಕಾರವು ಕೈತೊಳೆದುಕೊಳ್ಳುವುದಿಲ್ಲವೆ ಎಂಬುದೇ ಅದು. ಈ ಭಯವು ನಿರಾಧಾರವಾದುದಲ್ಲ. ಗೋಖಲೆಯವರು ೧೯೧೧ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಮಸೂದೆಯನ್ನು ತಂದಾಗ ಪರಕೀಯ ಸರ್ಕಾರವು ಅದನ್ನು ತಳ್ಳಿಹಾಕಿತು. ಮೈಸೂರಿನಲ್ಲಿ ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯು ಬಂದಿತು. ೨೦೦೯ರ ಶಾಸನದಿಂದ, ೨೦೧೦ರ ಏಪ್ರಿಲ್ ೧ರಿಂದ, ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ವಿದ್ಯೆಯು ಹಕ್ಕಾಯಿತು. ಒಂದು ಶತಮಾನದ ಪ್ರಯತ್ನದಿಂದ ದೊರಕಿದ ಈ ಹಕ್ಕನ್ನು ದಾನವಾಗಿ ಮಾರ್ಪಡಿಸಲು ಯಾರೂ ಒಪ್ಪಲಾಗದು. ಆದುದರಿಂದಲೇ, ಉಪಾಧ್ಯಾಯರ ಸಂಬಳ, ಕೊಠಡಿ, ಶೌಚಾಲಯ, ಕುಡಿಯುವ ನೀರು ಇವುಗಳಿಗೆ ಧರ್ಮನಿಧಿಯ ಒಂದು ಕಾಸೂ ಹೋಗಕೂಡದೆಂದು ನಾವು ಹೇಳುತ್ತೇವೆ. ಅವು ಸರ್ಕಾರದ ಋಣ. ಅವನ್ನು ಜನರು ಕೇಳಿ ಪಡೆಯಬೇಕು. ತನ್ನ ಹಣವನ್ನು ಶಾಲೆಯಲ್ಲಿ ತೊಡಗಿಸಿದ ಪೌರನು ಸರ್ಕಾರವನ್ನು ಕೇಳುವಾಗ ಅವನ ಧ್ವನಿಯು ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ದುರುಪಯೋಗದ ಭಯಕ್ಕೂ ಶಾಸನದಲ್ಲಿಯೇ ಔಷಧವಿದೆ. ೨೦೦೯ರ ಶಾಸನದ ಮೇರೆಗೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಸರ್ಕಾರದಿಂದಾಗಲಿ ಬೇರೆ ಯಾವ ಮೂಲದಿಂದಾಗಲಿ ಬಂದ ಗ್ರಾಂಟಿನ ವಿನಿಯೋಗವನ್ನು ನೋಡಿಕೊಳ್ಳುವುದು ಆ ಸಮಿತಿಯ ಕರ್ತವ್ಯ. ನಮ್ಮ ರಾಜ್ಯದಲ್ಲಿ ೨೦೦೧ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಹೊಸದಾಗಿ ಏನನ್ನೂ ಸೃಷ್ಟಿಸಬೇಕಾಗಿಲ್ಲ. ಇರುವುದನ್ನು ಎಚ್ಚರಿಸಿದರೆ ಸಾಕು.

ನಾವು ಸೂಚಿಸುವ ನಿಯಮಗಳು ಇಷ್ಟೆ. ಉಪಾಧ್ಯಾಯರು ತಮಗೆ ಬೇಕಾದುದನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಕೇಳಲಿ. ಅರ್ಜಿಗಳನ್ನು ನಿವೃತ್ತ ಅಧಿಕಾರಿಗಳೂ ನಿವೃತ್ತ ಉಪಾಧ್ಯಾಯರೂ ಕೂಡಿ ಪರಿಶೀಲಿಸಲಿ. ಗ್ರಾಂಟುಗಳಲ್ಲಿ ಅರ್ಧವು ಅತಿ ಸಣ್ಣ ಶಾಲೆಗಳಿಗೆ ಮೀಸಲಾಗಲಿ. ಪಾಠದಲ್ಲಿ ಒಡೆದುಹೋದ ವಸ್ತುವಿಗೆ ಉಪಾಧ್ಯಾಯರಿಂದ ದಂಡವನ್ನು ಕೇಳದಿರಲಿ. ವರ್ಷಾಂತ್ಯದಲ್ಲಿ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಿಸಲಿ; ದಾನಿಯ ಹೆಸರನ್ನು ಮಾತ್ರ ಅಲ್ಲಿ ಬರೆಯದಿರಲಿ. ಹೆಸರಿಗಾಗಿ ಕೊಡುವವರಿಗೆ ಬೇರೆ ಗೋಡೆಗಳು ಬೇಕಾದಷ್ಟಿವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ವಕೀಲರು, ವೈದ್ಯರು, ವರ್ತಕರು, ಅಧಿಕಾರಿಗಳು ಇವರಲ್ಲಿ ಬಹುಮಂದಿ ಮಂಕರಿ ಹೊತ್ತ ತಾಯಿಯ, ನೇಗಿಲು ಹಿಡಿದ ತಂದೆಯ ಮಕ್ಕಳು. ಸರ್ಕಾರಿ ಪಾಠಶಾಲೆಯ ಹಲಗೆಯ ಮೇಲೆ ಕುಳಿತು ಮೇಲೆ ಬಂದವರು. ಅದೇ ಹಲಗೆಯ ಮೇಲೆ ಇಂದು ಕುಳಿತಿರುವ ಮಗುವಿಗೆ ಅವರು ಸಾಲಗಾರರು. ಸಾಲವನ್ನು ತೀರಿಸಲು ಶಿಲಾನ್ಯಾಸ ಬೇಡ, ಮಂತ್ರಿಗಳ ಆಗಮನ ಬೇಡ. ತಾಲ್ಲೂಕಿಗೆ ಹತ್ತು ಮಂದಿ ನಂಬಿಕಸ್ಥರು ಒಂದು ಸಂಜೆ ಕುಳಿತು ಟ್ರಸ್ಟಿನ ಪತ್ರವನ್ನು ಬರೆದು ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನೊಂದಾಯಿಸಿದರೆ ಕಾರ್ಯಾರಂಭವಾಗುತ್ತದೆ. ಬರುವ ಜೂನಿನಲ್ಲಿ ಶಾಲೆಯ ಬಾಗಿಲು ತೆರೆಯುವಾಗ ಮೊದಲ ಗ್ರಾಂಟು ಮೊದಲ ಉಪಾಧ್ಯಾಯರ ಕೈ ಸೇರಲಿ. ಮೂರು ತಾಲ್ಲೂಕುಗಳಲ್ಲಿ ಯಾವುದು ಮುಂದೆ ಬರುವುದೆಂಬುದನ್ನು ನಾವು ಆಸಕ್ತಿಯಿಂದ ನಿರೀಕ್ಷಿಸುತ್ತೇವೆ.